ಹದಿನಾಲ್ಕನೇ ನಂಬರ್ ರೂಮಿನಲ್ಲಿ ಜ್ವರ

ಬೆಂಗಳೂರಿನಲ್ಲಿ ಹತ್ತು ದಿನ ಸುಖವಾಗಿದ್ದು ಬಂದೆ ಎಂದರೆ ನಮ್ಮೂರು ಅಕ್ಕೂರಿನಲ್ಲಿ ಯಾರೂ ನಂಬುವುದಿಲ್ಲ. ನಾನಿದ್ದದ್ದು ಕಣ್ಣಿನ ಆಸ್ಪತ್ರೆಯ ಹಿಂದಿನ ಗಲ್ಲಿಯ ಒಂದು ಅಗ್ಗದ ಲಾಡ್ಜಿನಲ್ಲಿ, ಅದೂ ಅತ್ತೆಯ ಜೊತೆ, ಒಂದೇ ರೂಮಿನಲ್ಲಿ. "ಅತ್ತೆ ಜೊತೆ ಹತ್ತು ದಿನವಾ? ಅದೆಂಗೆ ತಡ್ಕೊಂಡ್ಯವ್ವ?" ಎಂದು ಪಕ್ಕದ ಮನೆಯವಳು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ತಡೆದುಕೊಂಡದ್ದು ನಾನಲ್ಲ, ಅವರು. ನನ್ನ ಬಾಯಿ ಎಂಥದ್ದೆಂದು ನನಗೇ ಗೊತ್ತು.

ಹೋದದ್ದು ಅತ್ತೆಯ ಕಣ್ಣಿಗಾಗಿ. ಅವರ ಬಲಗಣ್ಣು ಹೋಗಿ ಮೂರು ವರ್ಷವಾಗಿತ್ತು. ಬರೀ ಪೊರೆ ಅಂದುಕೊಂಡು ನಾವು ಸುಮ್ಮನಿದ್ದೆವು. ಒಳಗೆ ಒತ್ತಡ ಏರಿ ನರವೇ ಸತ್ತುಹೋಗಿದೆ ಎಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು. ಎಡಗಣ್ಣಿನಲ್ಲೂ ಪೊರೆ ಕಟ್ಟಿ ಅಂದಿನಿಂದ ಎಲ್ಲ ಬರೀ ಮಂಜು, ಈಗ ಅದರೊಳಗೂ ಒತ್ತಡ ಶುರುವಾಗಿತ್ತು. ರಾಮನಗರದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯ ಡಾಕ್ಟರಮ್ಮ ನೋಡಿ, "ಇರೋದು ಇದೊಂದೇ ಕಣ್ಣು. ಆಪರೇಷನ್ ಮಾಡಿ ಪೊರೆ ತೆಗೆದು ಒತ್ತಡ ಇಳಿಸಿದರೆ ಉಳಿಯಬಹುದು, ಖಂಡಿತ ಅಂತ ಹೇಳಲಾರೆ. ಹಾಗೇ ಬಿಟ್ಟರೆ ಎರಡು ತಿಂಗಳೂ ತಡೆಯಲ್ಲ," ಎಂದರು. ಕಾದು ಕಾದು ಒಂದು ತಾರೀಕು ಸಿಕ್ಕಿತು. ಅದು ತಪ್ಪಿದರೆ ಮುಂದಿನದು ಎರಡು ತಿಂಗಳು ಕಳೆದ ಮೇಲೆ. ತಪ್ಪಿದರೆ ಅತ್ತೆಗೆ ಪೂರಾ ಕತ್ತಲೆ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಪರೀಕ್ಷೆ ಮಾಡಬೇಕು, ಔಷಧಿ ಬಿಡಬೇಕು ಎಂದು ಐದು ದಿನ ಮುಂಚೆಯೇ ಬರಹೇಳಿದ್ದರು. ಮನೆಯಲ್ಲಿ ರೇಷ್ಮೆ ಹುಳು ಇದ್ದವು. ಹುಳು ಮನೆಯಲ್ಲಿರುವಾಗ ನಾವು ಮದುವೆಗೂ ಹೋಗುವವರಲ್ಲ. ಆದರೆ ತಾರೀಕು ನಮ್ಮ ಕೈಯಲ್ಲಿರಲಿಲ್ಲ. ನನ್ನ ಗಂಡನಿಗೆ ಎಲ್ಲವನ್ನೂ ಒಪ್ಪಿಸಿ ಚನ್ನಪಟ್ಟಣದಲ್ಲಿ ರೈಲು ಹತ್ತಿದೆವು. ಅತ್ತೆ ಬಿಡದಿ ದಾಟುವವರೆಗೂ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಮಾತೇ ಆಡಿದರು. "ಅವನು ಒದ್ದೆ ಸೊಪ್ಪು ಹಾಕ್ಬುಡ್ತಾನೆ ಕಣಮ್ಮಿ," ಎನ್ನುವುದು, ಒಂದು ಸ್ಟೇಷನ್ ದಾಟಿದ ಮೇಲೆ ಮತ್ತೆ "ಹಾಕೇ ಹಾಕ್ತಾನೆ ನೋಡ್ತಿರು," ಎನ್ನುವುದು. ಕೆಂಗೇರಿಯ ಹೊತ್ತಿಗೆ ನನಗೆ ರೇಗಿತು. "ಹಾಕ್ಲಿ ಬುಡಿ ಅತ್ತೆ, ಹುಳ ನಂದಲ್ಲ, ನಿಮ್ದಲ್ಲ, ರಾಮನಗರದ ಗೂಡಿನ ಮಾರ್ಕೆಟ್ಟಿಂದು," ಎಂದೆ. ಎದುರು ಸೀಟಿನವರು ನಕ್ಕರು. ಅತ್ತೆಯೂ ನಕ್ಕರು.

ಲಾಡ್ಜು ಎಂದರೆ ಮೂರು ಮಹಡಿಯ ಹಳೇ ಕಟ್ಟಡ. ನಮ್ಮದು ಮೊದಲನೇ ಮಹಡಿಯ ಹದಿನಾಲ್ಕನೇ ನಂಬರ್. ಒಂದು ಕಬ್ಬಿಣದ ಮಂಚ, ಒಂದು ಚಾಪೆ, ಗೋಡೆಗೆ ಹೊಡೆದ ಮೂರು ಮೊಳೆ, ಒಂದು ಫ್ಯಾನು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಬಚ್ಚಲು ವರಾಂಡದ ಕೊನೆಗೆ, ಎಂಟು ರೂಮಿಗೆ ಎರಡು. ಬೆಳಿಗ್ಗೆ ತಲೆಗೊಂದು ಬಕೆಟ್ ಬಿಸಿನೀರು, ಏಳು ಗಂಟೆ ದಾಟಿದರೆ ಅದೂ ಇಲ್ಲ. ಅಡುಗೆ ಮಾಡಕೂಡದು, ಬಟ್ಟೆ ಒಗೆಯಕೂಡದು ಎಂದು ಬಾಗಿಲ ಹಿಂದೆ ಕೆಂಪು ಬಣ್ಣದಲ್ಲಿ ಬರೆಸಿದ್ದರು.

ಅಡುಗೆ ಮಾಡಕೂಡದು! ಅದನ್ನು ಓದಿ ನನಗೆ ಎಷ್ಟು ಹಿಗ್ಗಾಯಿತೆಂದರೆ ಅತ್ತೆಗೆ ಎರಡು ಸಲ ಓದಿ ಹೇಳಿದೆ. ಮದುವೆಯಾಗಿ ಬಂದಾಗಿನಿಂದ ನಾನು ಒಲೆ ಮುಂದೆ ಕೂರದ ದಿನವೆಂದರೆ ಹೆರಿಗೆಯ ದಿನಗಳು ಮಾತ್ರ. ಇಲ್ಲಿ ಬೆಳಿಗ್ಗೆ ತಳ್ಳುಗಾಡಿಯ ಇಡ್ಲಿ. ಮಧ್ಯಾಹ್ನಕ್ಕೆ ಗಲ್ಲಿಯ ತುದಿಯಲ್ಲಿ ಉಯ್ಯಂಬಳ್ಳಿ ಕಡೆಯ ಹೆಂಗಸೊಬ್ಬಳ ಮೆಸ್ಸು, ಅಲ್ಲಿ ಮುದ್ದೆ, ಸೊಪ್ಪಿನ ಬಸ್ಸಾರು. ಯಾರೋ ತಿರುವಿದ ಮುದ್ದೆ ಇಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ಮಾತ್ರ ಮೊದಲ ತುತ್ತಿಗೇ, "ಒಸಿ ಗಂಟೈತೆ," ಎಂದರು. ಗಂಟಿದ್ದರೆ ಇರಲಿ, ಕಟ್ಟಿದ ಕೈ ನನ್ನದಲ್ಲವಲ್ಲ!

ಆಸ್ಪತ್ರೆಯ ಕೆಲಸ ಹನ್ನೊಂದಕ್ಕೆಲ್ಲ ಮುಗಿಯುತ್ತಿತ್ತು. ಆಮೇಲೆ ಇಬ್ಬರಿಗೂ ಮಾಡಲು ಏನೂ ಇಲ್ಲ. ಮೊದಲ ದಿನ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎರಡನೇ ದಿನ ಅವರು ಮಂಚದ ಮೇಲೆ, ನಾನು ಚಾಪೆಯ ಮೇಲೆ, ಮಾತಿಗೆ ಕೂತೆವು. ಮದುವೆಯ ಹೊಸದರಲ್ಲಿ ನಾನು ಉಪ್ಪಿಲ್ಲದ ಸಾರು ಮಾಡಿದ್ದು, ಅವರು ಅದನ್ನು ಮಾತಾಡದೆ ಉಂಡದ್ದು. ಅವರ ಅತ್ತೆ ಅವರಿಗೆ ಸೌಟಿನಲ್ಲಿ ಹೊಡೆದದ್ದು. ಇಪ್ಪತ್ತೆಂಟು ವರ್ಷದಲ್ಲಿ ಆಡದಿದ್ದ ಮಾತನ್ನೆಲ್ಲ ಆ ಕಬ್ಬಿಣದ ಮಂಚ ಕೇಳಿತು. "ನಮಗೆ ಊರಲ್ಲಿ ಇಷ್ಟೊಂದು ಮಾತಾಡಕ್ಕೆ ಟೈಮೆಲ್ಲಿತ್ತಮ್ಮಿ?" ಎಂದರು ಅತ್ತೆ. ನಿಜಕ್ಕೂ ನಾನು ಆ ರೂಮಿನಲ್ಲಿ ಸಂತೋಷವಾಗಿದ್ದೆ. ಮಧ್ಯೆಮಧ್ಯೆ ಅವರು ಎಡಗಣ್ಣನ್ನು ಕಿಟಕಿಯ ಕಡೆ ತಿರುಗಿಸಿ ಬೆಳಕಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವಾಗ ಮಾತ್ರ ನಾನು ಆಸ್ಪತ್ರೆಯ ಚೀಟಿ ತೆಗೆದು ತಾರೀಕನ್ನು ಇನ್ನೊಮ್ಮೆ ಓದಿಕೊಳ್ಳುತ್ತಿದ್ದೆ.

ಲಾಡ್ಜಿನ ಮ್ಯಾನೇಜರ್ ಕರಾವಳಿ ಕಡೆಯವರು. ಮಾತೆಲ್ಲ ಪುಸ್ತಕದ ಹಾಗೆ ನೀಟು. ಅಲ್ಲಿ ಉಳಿಯುವವರೆಲ್ಲ ಕಣ್ಣಿನ ರೋಗಿಗಳು, ಅವರ ಕಡೆಯವರು. ಯಾರಿಗಾದರೂ ಜ್ವರ, ಕೆಮ್ಮು ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕೆಂದು ಅವರಿಗೆ ಹೇಳಿದ್ದರಂತೆ. ಆ ಕೆಲಸವನ್ನು ಅವರು ಬಹಳ ನಿಷ್ಠೆಯಿಂದ ಮಾಡುತ್ತಿದ್ದರು. ಒಮ್ಮೆ ನಾನು ಪಕ್ಕದ ಕಟ್ಟಡದ ಒಗ್ಗರಣೆ ಘಾಟಿಗೆ ಸೀನಿದಾಗ, "ಎಂತ ಅಮ್ಮ, ಶೀತ ಉಂಟಾ?" ಎಂದು ಮೆಟ್ಟಿಲವರೆಗೆ ಹಿಂದೆ ಬಂದಿದ್ದರು.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ಹೇಳಿಬಿಡಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ದಿನ ಅಲ್ಲಾಡದೆ ಇರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಕಾಯಿಲೆಯಲ್ಲ, ಅದರ ಬೆಳವಣಿಗೆ. ಆಗ ಮೈ ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಎರಚುತ್ತೇವೆ. ಹುಳು ಜ್ವರಕ್ಕೆ ಕೂತಿತು, ಜ್ವರದಿಂದ ಎದ್ದಿತು ಎನ್ನುವುದು ನಮಗೆ ಅನ್ನ ಬೆಂದಿತು ಎಂದ ಹಾಗೆ. ಇದರ ಮೇಲೆ ನಮ್ಮತ್ತೆಯ ಅಭ್ಯಾಸ ಇನ್ನೊಂದು. ಅವರು ಹುಳುವನ್ನು ಹುಳು ಎನ್ನುವುದಿಲ್ಲ. ಮಕ್ಕಳು ಎನ್ನುತ್ತಾರೆ. ಅವರನ್ನು ನೋಡಿ ಅವರ ಮಗನೂ ಹಾಗೇ ಅನ್ನುತ್ತಾರೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾನು ಕ್ಯಾರಿಯರ್ ಹಿಡಿದು ಮೆಸ್ಸಿಗೆ ಹೋಗಿದ್ದೆ. ರೂಮಿನಲ್ಲಿ ಸಿಗ್ನಲ್ ಸಿಗದು ಎಂದು ಅತ್ತೆಯನ್ನು ಕೆಳಗೆ, ಮ್ಯಾನೇಜರ್ ಮೇಜಿನ ಎದುರಿನ ಬೆಂಚಿನಲ್ಲಿ, ಫೋನು ಕೊಟ್ಟು ಕೂರಿಸಿದ್ದೆ. ಅಷ್ಟರಲ್ಲಿ ಊರಿನಿಂದ ನನ್ನ ಗಂಡ ಫೋನು ಮಾಡಿದರು. ಅತ್ತೆಗೆ ಕಿವಿ ಚುರುಕು, ಆದರೂ ಫೋನು ಮಾತ್ರ ಸ್ಪೀಕರಿಗೇ ಹಾಕಬೇಕು. ನಡೆದದ್ದನ್ನು ಆಮೇಲೆ ಅತ್ತೆಯೂ ಮ್ಯಾನೇಜರೂ ಬೇರೆಬೇರೆಯಾಗಿ ಹೇಳಿದರು. ಎರಡನ್ನೂ ಕೂಡಿಸಿ ಹೇಳುತ್ತಿದ್ದೇನೆ.

"ಅವ್ವಾ, ಮಕ್ಳು ಜ್ವರಕ್ಕೆ ಕೂತ್ಬುಟ್ಟವೆ," ಎಂದರು ನನ್ನ ಗಂಡ.

"ಎಲ್ಲವೂ ಕೂತ್ವೇನ್ಲಾ?"

"ಎಲ್ಲವೂ ಕಣವ್ವ. ಒಂದೂ ಅಲ್ಲಾಡ್ತಿಲ್ಲ."

"ಒಳ್ಳೇದಾಯ್ತು ಬುಡು. ಒಟ್ಗೆ ಬಂದ್ರೇನೇ ಚೆಂದ. ಇನ್ನು ಹೊಟ್ಟೆಗೆ ಏನೂ ಹಾಕ್ಬ್ಯಾಡ. ಮೇಲೆ ಒಸಿ ಸುಣ್ಣ ಎರಚು. ಯಾರನ್ನೂ ಒಳಕ್ಕೆ ಬುಡ್ಬ್ಯಾಡ."

"ನಾಕೈದು ಸತ್ತೋಗವೆ ಕಣವ್ವ."

"ನಾಕೈದಕ್ಕೆಲ್ಲ ಯಾಕ್ಲಾ ಹೆದರ್ಕತೀಯ? ಆಯ್ದು ಗುಂಡಿಗಾಕಿ ಮಣ್ಣು ಮುಚ್ಚು. ಕೈ ತೊಳ್ಕೊ."

ಫೋನು ಇಟ್ಟ ಮೇಲೆ ಅತ್ತೆ ನಿರಾಳವಾಗಿ ಎಲೆಯಡಿಕೆ ಚೀಲ ಬಿಚ್ಚಿದ್ದಾರೆ. ಮ್ಯಾನೇಜರ್ ಎದ್ದು ನಿಂತು, ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡು ಕೇಳಿದ್ದಾರೆ. "ಅಮ್ಮ, ಊರಲ್ಲಿ ಎಷ್ಟು ಮಕ್ಕಳಿಗೆ ಜ್ವರ ಬಂದದ್ದು?"

"ಎಣ್ಸೋರ್ಯಾರು ಸಾಮಿ? ಒಂದರವತ್ತು ಸಾವ್ರ ಇರ್ಬೋದು."

"ಅರವತ್ತು ಸಾವಿರವಾ!"

"ಈ ಸಲ ಕಮ್ಮಿನೇಯ. ಹೋದ ಸಲ ಇನ್ನೂ ಜಾಸ್ತಿ ಇದ್ವು."

ಪಾಪ, ಅವರದೇನು ತಪ್ಪು? ಮನೆಮಂದಿಗೆಲ್ಲ ಜ್ವರ, ನಾಲ್ಕೈದು ಮಕ್ಕಳು ಸತ್ತಿವೆ, ಈ ಅಜ್ಜಿಗೂ ಜ್ವರ ತಲೆಗೇರಿ ಬಡಬಡಿಸುತ್ತಿದ್ದಾರೆ ಎಂದು ಅವರಿಗೆ ಅನಿಸಿದ್ದು ಸಹಜ. ನೆಟ್ಟಗೆ ಆಸ್ಪತ್ರೆಗೆ ಫೋನು ಮಾಡಿ ಹಾಗೆಯೇ ಹೇಳಿಬಿಟ್ಟರು.

ನಾನು ಕ್ಯಾರಿಯರ್ ಹಿಡಿದು ಒಳಗೆ ಬಂದರೆ ಮ್ಯಾನೇಜರ್ ಮೆಟ್ಟಿಲ ಮೇಲೆ, ದೂರದಲ್ಲಿ ನಿಂತಿದ್ದಾರೆ. "ಅಮ್ಮ, ಬೇಜಾರು ಮಾಡಬೇಡಿ. ನಾಳೆ ನಿಮ್ಮ ಆಪರೇಷನ್ ಇಲ್ಲವಂತೆ. ಆ ಜಾಗ ಬೇರೆಯವರಿಗೆ ಕೊಡ್ತಾರಂತೆ. ಮನೆಯಲ್ಲಿ ಜ್ವರ ಇರುವಾಗ ನೀವು ಹೇಳಬೇಕಿತ್ತು," ಎಂದರು.

ನನಗೆ ಅರ್ಥವಾಗಲಿಲ್ಲ. "ಯಾರಿಗ್ ಜ್ವರ?" ಎಂದೆ.

"ಮಕ್ಕಳಿಗೆ. ಅರವತ್ತು ಸಾವಿರ ಅಂತ ಅಜ್ಜಿ ಹೇಳ್ತಿದ್ದಾರೆ. ಅಜ್ಜಿಗೂ ತಲೆಗೆ ಏರಿದೆ."

ಆಗ ಹೊಳೆಯಿತು. ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. "ನಿಮ್ಮನೆ ಕಾಯ್ವಾಗ! ಅದು ಹುಳ ಕಣಪ್ಪಾ, ಹುಳ! ರೇಷ್ಮೆ ಹುಳ!" ಎಂದು ಕಿರುಚಿದೆ. ಮೂರನೇ ಮಹಡಿಯವರೆಲ್ಲ ಕಂಬಿಯಿಂದ ಬಗ್ಗಿ ನೋಡಿದರು.

"ಹುಳಕ್ಕೆ ಜ್ವರ ಬರ್ತದಾ?" ಎಂದರು ಅವರು, ನನ್ನ ತಲೆಯೂ ನೆಟ್ಟಗಿಲ್ಲ ಎನ್ನುವ ಹಾಗೆ.

"ಬತ್ತದೆ! ನಾಕು ಸಲ ಬತ್ತದೆ!"

ಅವರು ಇನ್ನೂ ಎರಡು ಮೆಟ್ಟಿಲು ಮೇಲೆ ಹೋದರು. ಅತ್ತೆ ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕೂತಿದ್ದರು. "ನನ್ನಿಂದ ಆಯ್ತೇನಮ್ಮಿ? ಕಣ್ಣು ಹೋಯ್ತಲ್ಲಾ ಹಂಗಾರೆ?" ಎಂದರು. ಐದು ದಿನದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕ್ಯಾರಿಯರನ್ನು ಬೆಂಚಿನ ಮೇಲಿಟ್ಟು, ಅವರ ಕೈ ಹಿಡಿದುಕೊಂಡು ಆಸ್ಪತ್ರೆಗೆ ನಡೆದೆ. ಓಡಿದೆ ಎನ್ನಬೇಕು. ಎಪ್ಪತ್ತು ದಾಟಿದ ಜೀವ ನನ್ನ ಜೊತೆ ಓಡಿತು.

ವಾರ್ಡಿನ ಸಿಸ್ಟರ್ ಕೇರಳದವರು. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡು, "ಫೀವರ್ ಇದೆಯೋ ಇಲ್ಲವೋ, ಅದು ಮಾತ್ರ ಹೇಳಿ," ಎಂದರು. ಇದೆ, ಆದರೆ ನಮಗಲ್ಲ ಎಂದೆ. ಹಾಗಾದರೆ ಯಾರಿಗೆ ಎಂದರು. ಹುಳಕ್ಕೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಮಾತಿನಲ್ಲಿ ಇದು ಮುಗಿಯುವ ಕೆಲಸವಲ್ಲ ಎಂದು ನನ್ನ ಗಂಡನಿಗೆ ವಿಡಿಯೋ ಕಾಲ್ ಮಾಡಿದೆ.

"ಹುಳ ತೋರ್ಸ್ರಿ," ಎಂದೆ.

"ಜ್ವರಕ್ಕೆ ಕೂತವೆ, ಇವಾಗ ಬಾಗ್ಲು ತೆಗೀಬಾರ್ದು," ಎಂದರು ಮಹಾನುಭಾವರು. ಇಷ್ಟು ವರ್ಷ ಒಂದು ನಿಯಮ ಪಾಲಿಸದವರು ಅವತ್ತು ಪಾಲಿಸಲು ಹೊರಟಿದ್ದರು!

"ತೋರ್ಸ್ಲಾ ಮಗ, ನನ್ನ ಕಣ್ಣು ಹೋಯ್ತದೆ!" ಎಂದು ಅತ್ತೆ ಫೋನಿನ ಹತ್ತಿರ ಬಾಯಿಟ್ಟು ಕೂಗಿದರು.

ಬಾಗಿಲು ತೆರೆಯಿತು. ಫೋನಿನ ತುಂಬ ಹುಳು. ಮೇಲೆ ಬಿಳೀ ಸುಣ್ಣ, ಎಲ್ಲವೂ ತಲೆ ಎತ್ತಿಕೊಂಡು, ಒಂದೂ ಅಲ್ಲಾಡದೆ ಕೂತಿವೆ. ಸಿಸ್ಟರ್, "ಅಯ್ಯೋ, ಪುಳು!" ಎಂದು ಕುರ್ಚಿ ಹಿಂದಕ್ಕೆ ತಳ್ಳಿಕೊಂಡು ಎದ್ದುಬಿಟ್ಟರು. ಆಮೇಲೆ ಹತ್ತಿರ ಬಂದು ಮತ್ತೆ ನೋಡಿದರು. "ಇದಾ ಅರವತ್ತು ಸಾವಿರ ಮಕ್ಕಳು?" ಎಂದವರೇ ನಗಲು ಶುರುಮಾಡಿ, ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ನಮ್ಮಿಬ್ಬರಿಗೂ ಥರ್ಮಾಮೀಟರ್ ಇಟ್ಟು ನೋಡಿದರು. ಜ್ವರದ ಸುಳಿವೂ ಇರಲಿಲ್ಲ.

ಆದರೆ ಅಷ್ಟರಲ್ಲಿ ನಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕರೆದಾಗಿತ್ತು. ಸಿಸ್ಟರ್ ಕಾಗದ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದರು. ನಾವು ಹೊರಗೆ ಕೂತೆವು. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ. ಮುದ್ದೆ ತರಲು ಹೋಗದೆ ಅಲ್ಲೇ ಕೂತಿದ್ದರೆ ಆಗುತ್ತಿತ್ತಲ್ಲ, ಐದು ದಿನ ಸುಖಪಟ್ಟದ್ದಕ್ಕೆ ಇದೇ ಶಿಕ್ಷೆಯೇನೋ ಎಂದೆಲ್ಲ ಅನಿಸಿತು. ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟರು. "ಅವೂ ಪೊರೆ ಬುಡಕ್ಕೆ ಕೂತವೆ, ನಾನೂ ಕೂತಿವ್ನಿ. ಸುಮ್ಕಿರು, ಎದ್ರೆ ಎದ್ದೆ," ಎಂದರು. ಇಂಥ ಹೊತ್ತಿನಲ್ಲೂ ತಮಾಷೆ ಮಾಡುತ್ತಾರಲ್ಲ ಎಂದು ರೇಗಿತು. ಆದರೂ ನಗು ಬಂತು. ಅರ್ಧ ಗಂಟೆ ಬಿಟ್ಟು ಸಿಸ್ಟರ್ ಹೊರಗೆ ಬಂದರು. ಹೊಸಬರನ್ನೂ ಬಿಡುವುದಿಲ್ಲ, ನಿಮ್ಮನ್ನು ಕೊನೆಗೆ ಸೇರಿಸಿಕೊಳ್ಳುತ್ತಾರೆ, ಬೆಳಿಗ್ಗೆ ಬಿಪಿ ಸರಿಯಿರಬೇಕು ಎಂದರು. ನಾನು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ಲಾಡ್ಜಿಗೆ ಬಂದರೆ ಮ್ಯಾನೇಜರಿಗೆ ಆಸ್ಪತ್ರೆಯಿಂದ ಸುದ್ದಿ ಮುಟ್ಟಿತ್ತು. ಮುಖ ಎತ್ತಲಿಲ್ಲ. ನಾವು ಬಿಟ್ಟುಹೋದ ಕ್ಯಾರಿಯರನ್ನು ತಮ್ಮ ಮನೆಯಲ್ಲಿ ಬಿಸಿ ಮಾಡಿಸಿ ಇಟ್ಟಿದ್ದರು. ಸಂಜೆ ಹೊತ್ತಿನಲ್ಲಿ, ಎಂದೂ ಇಲ್ಲದ್ದು, ಒಂದು ಬಕೆಟ್ ಬಿಸಿನೀರನ್ನು ತಾವೇ ಹೊತ್ತು ಹದಿನಾಲ್ಕನೇ ನಂಬರಿಗೆ ತಂದರು. "ನನ್ನದು ತಪ್ಪಾಯ್ತು ಅಮ್ಮ," ಎಂದರು. ನಾನು ನನ್ನ ಬಾಯಿಗೆ ಬೀಗ ಹಾಕಿಕೊಂಡೆ. ಅತ್ತೆ ಮಾತ್ರ, "ನಿಮ್ದೇನ್ ತಪ್ಪು ಸಾಮಿ? ಜ್ವರ ಅಂದ್ರೆ ಜ್ವರಾನೇ ಅಲ್ವಾ?" ಎಂದು ಅವರನ್ನು ಚಾಪೆಯ ಮೇಲೆ ಕೂರಿಸಿಕೊಂಡು ಹುಳುವಿನ ಪುರಾಣವನ್ನೆಲ್ಲ ಹೇಳಿದರು. ಮೊಟ್ಟೆಯಿಂದ ಶುರುವಾದದ್ದು ಗೂಡಿಗೆ ಬಂದು ನಿಂತಿತು. ಅವರು ಹೂಂಗುಟ್ಟುತ್ತ ಕೇಳಿದರು. ಮಾರನೇ ದಿನ ಬೆಳಿಗ್ಗೆ ನಾವು ಆಸ್ಪತ್ರೆಗೆ ಹೊರಟಾಗ ಗೇಟಿನವರೆಗೆ ಬಂದು, "ಅಮ್ಮ, ಮಕ್ಕಳು ಎದ್ದವಾ?" ಎಂದು ಕೇಳಿದರು. ಸಂಜೆ ಹೊತ್ತಿಗೆ ಏಳ್ತವೆ ಎಂದೆ.

ಬಿಪಿ ಸರಿಯಿತ್ತು. ಹಸಿರು ಬಟ್ಟೆ ಹಾಕಿಸಿ, ಮೈಮೇಲಿನದನ್ನೆಲ್ಲ ತೆಗೆಯಬೇಕೆಂದರು. ಅತ್ತೆ ಬಳೆ, ಓಲೆ ತೆಗೆದುಕೊಟ್ಟರು. ಕೊರಳಲ್ಲಿದ್ದ, ಲಿಂಗವಿಟ್ಟ ಪುಟ್ಟ ಕರಡಿಗೆಗೆ ಬಂದಾಗ ಅತ್ತೆ ತಡೆದರು. ಹುಟ್ಟಿದಾಗ ಕಟ್ಟಿದ್ದು, ಸ್ನಾನಕ್ಕೂ ತೆಗೆದವರಲ್ಲ. ಸ್ವಲ್ಪ ಹೊತ್ತು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಬಿಚ್ಚಿ ನನ್ನ ಅಂಗೈಗೆ ಹಾಕಿದರು. "ಕೆಳಕ್ಕಿಕ್ಬ್ಯಾಡ," ಎಂದರು. ಮನೆಯಲ್ಲಿ ಮಗನ ಕೈಗೂ ಕೊಡದಿದ್ದುದನ್ನು ನನಗೆ ಕೊಟ್ಟರು. ಅವರು ಹೊರಗೆ ಬರುವವರೆಗೂ ನಾನು ಕಾಫಿ ಕುಡಿಯಲಿಲ್ಲ, ಬಚ್ಚಲಿಗೆ ಹೋಗಲಿಲ್ಲ. ಎರಡೂ ಕೈ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದೆ.

ಮಾರನೇ ದಿನ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ ಎಂದು ಕರೆದರು. ಡಾಕ್ಟರಮ್ಮ ಎದುರಿನ ಸ್ಟೂಲಿನ ಮೇಲೆ ಕೂತು, ಹತ್ತಿ ತೆಗೆದು, ನಿಧಾನವಾಗಿ ಒರೆಸಿದರು. ಅತ್ತೆ ಕಣ್ಣು ಬಿಡಲಿಲ್ಲ. "ಬಿಡಿ ಅಜ್ಜಿ," ಎಂದರೆ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡರು. ಧೈರ್ಯವೆಲ್ಲ ಮಾತಿನಲ್ಲಷ್ಟೇ ಎಂದು ಆಗ ಗೊತ್ತಾಯಿತು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಕೊನೆಗೆ ರೆಪ್ಪೆ ಬಿಡಿಸಿದರು. ನೀರು ಸುರಿಯಿತು. ಡಾಕ್ಟರಮ್ಮ ಎರಡು ಬೆರಳು ಎತ್ತಿ ಹಿಡಿದು, "ಎಷ್ಟು ಕಾಣ್ತಿದೆ ಅಜ್ಜಿ?" ಎಂದರು.

ಅತ್ತೆ ಬೆರಳಿನ ಕಡೆ ನೋಡಲೇ ಇಲ್ಲ. ಡಾಕ್ಟರಮ್ಮನ ಎದೆಯ ಕಡೆ ಸುಮ್ಮನೆ ನೋಡುತ್ತಿದ್ದರು. ಮುಗಿಯಿತು ಅಂದುಕೊಂಡೆ. ಡಾಕ್ಟರಮ್ಮ ಇನ್ನೂ ಹತ್ತಿರ ಬೆರಳು ತಂದು ಮತ್ತೆ ಕೇಳಿದರು.

"ಬೆರಳಿರ್ಲಿ ಕಣವ್ವ," ಎಂದರು ಅತ್ತೆ. "ನಿನ್ನ ಕೋಟಿನ ಗುಂಡಿ ಒಂದೇ ದಾರದಾಗೆ ನೇತಾಡ್ತಾ ಐತಲ್ಲ, ಬಿದ್ದೋಯ್ತದೆ. ಬಿಚ್ಕೊಡು, ಹೊಲ್ಕೊಡ್ತೀನಿ."

ಡಾಕ್ಟರಮ್ಮ ತಮ್ಮ ಕೋಟು ನೋಡಿಕೊಂಡರು, ಆಮೇಲೆ ಸಿಸ್ಟರ್ ಕಡೆ ನೋಡಿದರು. ಇಬ್ಬರೂ ನಕ್ಕರು. ನನಗೆ ನಗಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದೆ. ಮೂರು ವರ್ಷದಲ್ಲಿ ಹಾಗೆ ಅಳುವುದು ನನಗೆ ರೂಢಿಯಾಗಿತ್ತು. ಅಡುಗೆಮನೆಯಲ್ಲಿ, ಹುಳುವಿನ ಮನೆಯಲ್ಲಿ, ಅವರ ಎದುರಿಗೇ ಕೂತು ಎಷ್ಟೋ ಸಲ ಅತ್ತಿದ್ದೇನೆ. ಸದ್ದು ಮಾಡದಿದ್ದರೆ ಸಾಕಿತ್ತು.

ಅತ್ತೆ ನಿಧಾನವಾಗಿ ಕುತ್ತಿಗೆ ತಿರುಗಿಸಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು.

"ಸಾಕು, ಅಳ್ಬ್ಯಾಡ ಕಣವ್ವ," ಎಂದರು. "ಇವಾಗ ನಂಗೆ ಕಾಣ್ತದೆ."